ಮಲ್ಲಿಕಾ ಮಿಸ್ ಹೇಳ್ಯಾರ

ಹತ್ತು ವರ್ಷ ನಾನು ನನ್ನ ಮಗಳ ಹಿಂದೆ ಹಾಲಿನ ಲೋಟ ಹಿಡಿದುಕೊಂಡು ಓಡಿದ್ದೇನೆ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮಾಳಿಗೆಗೆ. ಸಕ್ಕರೆ ಹೆಚ್ಚಿಗೆ ಹಾಕಿದೆ, ಕೇಸರಿ ಹಾಕಿದೆ, ಗುಮ್ಮನನ್ನು ಕರೆದೆ, ಕೊನೆಗೆ ಅವಳ ಅಪ್ಪನನ್ನೂ ಕರೆದೆ (ಗುಮ್ಮನಿಗೆ ಹೆದರಿದಷ್ಟು ಅವಳು ಅಪ್ಪನಿಗೆ ಹೆದರುವುದಿಲ್ಲ). ಹಾಲು ಮಾತ್ರ ಗಂಟಲಿಗೆ ಇಳಿಯಲಿಲ್ಲ. ಅಂಥ ಸಮೀಕ್ಷಾ ಒಂದು ಶನಿವಾರ ಹುಬ್ಬಳ್ಳಿಯಿಂದ ಬಂದವಳೇ, ಚಪ್ಪಲಿ ಬಿಡುವ ಮೊದಲೇ, "ಅಮ್ಮಾ, ಹಾಲು ಕೊಡು" ಅಂದಳು.

ನಾನು ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ.

"ಮಲ್ಲಿಕಾ ಮಿಸ್ ಹೇಳ್ಯಾರ. ಎಲಬು ಗಟ್ಟಿ ಆಗಬೇಕಂತ."

ಗಟಗಟ ಕುಡಿದು ಲೋಟ ಕೆಳಗಿಟ್ಟಳು. ಕೆನೆ ಸಮೇತ! ಯಾವ ತಾಯಿಗಾದರೂ ಕಣ್ಣು ತುಂಬಿ ಬರಬೇಕಾದ ಹೊತ್ತು. ನನಗೆ ಮಾತ್ರ ಎದೆಯಲ್ಲಿ ಚುರ್ ಅಂದಿತು. ಹಾಗಾದರೆ ನಾನು ಹತ್ತು ವರ್ಷ ಲೋಟ ಹಿಡಿದು ಓಡಿದ್ದು ನನ್ನ ಎಲಬು ಗಟ್ಟಿಯಾಗಲಿ ಅಂತಲೇ?

ಈ ಮಿಸ್ಸು ಯಾರು ಅಂತ ಹೇಳಿಬಿಡುತ್ತೇನೆ. ನಮ್ಮದು ಅಣ್ಣಿಗೇರಿ. ಯಜಮಾನರು ವಿವೇಕ ಇಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಮಗಳು ಸಮೀಕ್ಷಾ ಆರನೆಯ ಇಯತ್ತೆಯಲ್ಲಿದ್ದಾಗ ಮೊಬೈಲಿನಲ್ಲಿ ಯಾವುದೋ ಬ್ಯಾಲೆ ನೋಡಿದಳು. ಬಿಳಿ ಲಂಗದ ಹುಡುಗಿಯರು ಕಾಲ್ಬೆರಳ ತುದಿಯ ಮೇಲೆ ನಿಂತು ಗಿರಗಿರ ತಿರುಗುವ ವಿಲಾಯತಿ ಕುಣಿತ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಡೆದದ್ದಿಲ್ಲ. ಅವಳು ತುದಿಗಾಲಲ್ಲಿ ಶಾಲೆಗೆ ಹೋದಳು, ತುದಿಗಾಲಲ್ಲಿ ಹಲ್ಲುಜ್ಜಿದಳು. ಯಜಮಾನರು ಹುಡುಕಿ ಹುಡುಕಿ ಹುಬ್ಬಳ್ಳಿಯಲ್ಲಿ ಒಂದು ಕ್ಲಾಸು ಕಂಡುಹಿಡಿದರು. ಪ್ರತಿ ಶನಿವಾರ ಅಪ್ಪ ಮಗಳು ರೈಲು ಹತ್ತತೊಡಗಿದರು.

ನಮ್ಮ ಅತ್ತೆ ವತ್ಸಲಾಬಾಯಿಯವರಿಗೆ ಕಿವಿ ಸ್ವಲ್ಪ ಮಂದ. "ಬ್ಯಾಳಿ ಕ್ಲಾಸಿಗೆ ಹುಬ್ಬಳ್ಳಿತನಕ ಯಾಕ ಹೋಗಬೇಕು? ತೊಗರಿಬ್ಯಾಳಿ, ಕಡ್ಲಿಬ್ಯಾಳಿ, ಎಲ್ಲಾ ನಾ ಇಲ್ಲೇ ಕಲಸತಿದ್ದೆನಲ್ಲ" ಅಂತ ಒಂದು ವಾರ ಕೊರಗಿದರು.

ಕ್ಲಾಸು ನಡೆಸುವಾಕೆಯೇ ಮಲ್ಲಿಕಾ. ಅಳ್ನಾವರದ ಹುಡುಗಿ. ಅಪ್ಪ ರೈಲ್ವೆಯಲ್ಲಿದ್ದು ಗೋವಾಕ್ಕೆ ವರ್ಗವಾದಾಗ ಅಲ್ಲಿ ಬ್ಯಾಲೆ ಕಲಿತಳಂತೆ. ಇನ್ನೂ ಮೂವತ್ತು ದಾಟಿಲ್ಲ, ಮದುವೆಯಿಲ್ಲ, ಸೊಂಟವಿಲ್ಲ. ಕುತ್ತಿಗೆ ಮಾತ್ರ ಇಬ್ಬರಿಗಾಗುವಷ್ಟಿದೆ. ಹಂಸದ ಹಾಗೆ ಅಂತ ಯಜಮಾನರು ಹೇಳುತ್ತಾರೆ. ಕೊಕ್ಕರೆಯೂ ಹಾಗೆಯೇ ಇರುತ್ತದೆ ಅಂತ ನಾನು ಹೇಳುತ್ತೇನೆ.

ಆಕೆ ಸಮೀಕ್ಷಾಳ ಪಾದ ತಿರುಗಿಸಿ ಮುರುಗಿಸಿ ನೋಡಿ, "ಈ ಕಾಲು ಬಿಡೂ ಹಂಗಿಲ್ಲ" ಅಂದಳಂತೆ. ಪುಣೆಯ ಹತ್ತಿರ ಒಂದು ವಸತಿಶಾಲೆ ಇದೆ, ಅಲ್ಲಿ ಅರ್ಧ ದಿನ ಗಣಿತ ವಿಜ್ಞಾನ, ಅರ್ಧ ದಿನ ಬ್ಯಾಲೆ. ಅಲ್ಲಿ ಕಲಿತವರು ಅದನ್ನೇ ವೃತ್ತಿ ಮಾಡಿಕೊಳ್ಳಬಹುದು. ಎಂಟನೆಯ ಇಯತ್ತೆಗೆ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರೆ. ಒಂದು ವರ್ಷ ತಯಾರಿ ಮಾಡಿಸೋಣ ಅಂತ ಆಕೆಯೇ ಯೋಜನೆ ಹಾಕಿದಳು. ಯಜಮಾನರು ಅದನ್ನು ಪಂಚವಾರ್ಷಿಕ ಯೋಜನೆಯಂತೆ ಗಂಭೀರವಾಗಿ ಗೋಡೆಗೆ ಅಂಟಿಸಿದರು.

ನಾನು ಆ ಯೋಜನೆಯಲ್ಲಿ ತಪ್ಪು ಹುಡುಕಲು ಕೂತೆ. ಮಗಳನ್ನು ಉಪವಾಸ ಕೆಡವುತ್ತಾಳೆ, ಆಗ ಜಗಳ ತೆಗೆಯಬಹುದು ಅಂದುಕೊಂಡಿದ್ದೆ. ನೋಡಿದರೆ "ಜೋಳದ ರೊಟ್ಟಿ, ಕಾಳು, ಮೊಸರು ಹೊಟ್ಟೆ ತುಂಬ ತಿನ್ನಬೇಕು" ಅಂತಿತ್ತು. ತುದಿಬೆರಳಿನ ಬೂಟು ಹಾಕಿಸಿ ಕಾಲು ಮುರಿಯುತ್ತಾಳೆ ಅಂದುಕೊಂಡಿದ್ದೆ. "ಎಲುಬು ಬಲಿಯುವವರೆಗೆ ಆ ಬೂಟು ಬೇಡ" ಅಂತಿತ್ತು. ಬೇಗ ಮಲಗಬೇಕು, ವಾರಕ್ಕೊಂದು ದಿನ ರಜೆ ಬೇಕು. ಎಲ್ಲವೂ ನಾನು ಹೇಳುವಂಥ ಮಾತುಗಳೇ! ನಾನು ಹೇಳಿದರೆ ಕಿರಿಕಿರಿ, ಆಕೆ ಹೇಳಿದರೆ ಯೋಜನೆ. ಜಗಳಕ್ಕೆ ಒಂದು ಸಣ್ಣ ಸಂದೂ ಬಿಡದ ಹೆಂಗಸನ್ನು ಹೇಗೆ ಸಹಿಸುವುದು, ನೀವೇ ಹೇಳಿ.

ಮನೆಯಲ್ಲಿ ಎದ್ದರೆ ಕೂತರೆ ಮಿಸ್ಸಿನ ಭಜನೆ. "ಮಿಸ್ ಹಿಂಗ ಕೂಡಬಾರದು ಅಂದಾರ." "ಮಿಸ್ಸಿನ ಕೂದಲಾ ಎಷ್ಟು ಚಂದ ಅದ ಗೊತ್ತೇನಮ್ಮಾ?" ಒಂದು ದಿನ ತಡೆಯಲಾಗದೆ, "ಹಂಗಾರ ಮಿಸ್ಸಿನ ಮನೀಗೇ ಹೋಗಿ ಇರು" ಅಂದೆ. ಅವಳು ಸಿಟ್ಟಾಗಲಿಲ್ಲ. "ಹೋಗಲೇನು?" ಅಂತ ಖುಷಿಯಿಂದ ಕೇಳಿದಳು.

ಆಗ ನನಗೊಂದು ಉಪಾಯ ಹೊಳೆಯಿತು. ಮಿಸ್ಸನ್ನು ಊಟಕ್ಕೆ ಕರೆಯುವುದು. ಹೊಟ್ಟೆ ಬಿರಿಯುವಂತೆ ಹೂರಣದ ಹೋಳಿಗೆ ತಿಂದವರು ಯಾರೂ ಹಂಸದಂತೆ ಇರಲಾರರು. ಆಕೆ ನಮ್ಮ ಪಡಸಾಲೆಯಲ್ಲಿ ಕಾಲು ಚಾಚಿ, ಬಾಯಿ ತೆರೆದು ಗೊರಕೆ ಹೊಡೆಯುವುದನ್ನು ಮಗಳು ಕಣ್ಣಾರೆ ನೋಡಲಿ!

ಬಂದಳು. ಕೂತಳು. ನಾನು ಬಡಿಸಿದೆ.

"ಇನ್ನೊಂದು ಹಾಕಲೇನವಾ?"

"ಹಾಕ್ರಿ ವೈನಿ. ಅಗದಿ ಮೆತ್ತಗ ಆಗ್ಯಾವು."

"ತುಪ್ಪ?"

"ಹಾಕ್ರಿ, ಸಂಕೋಚ ಯಾಕ?"

ಬಂದ ಮೊದಲ ದಿನವೇ ನಾನು ಆಕೆಗೆ ವೈನಿ, ಅತ್ತಿಗೆ! ಸಂಕೋಚ ಯಾರಿಗೆ ಅಂತ ಕೇಳಬೇಕೆನ್ನಿಸಿತು. ನಮಗೆಂದು ಎತ್ತಿಟ್ಟಿದ್ದೂ ಖಾಲಿಯಾಯಿತು. ಕಟ್ಟಿನ ಸಾರನ್ನು ಬಟ್ಟಲಲ್ಲಿ ಕುಡಿದಳು. ಕೈ ತೊಳೆದುಕೊಂಡು ಬಂದವಳನ್ನು ಅತ್ತೆ, "ಏನೋ ಕುಣೀತೀ ಅಂತಲ್ಲವಾ, ತೋರಸು" ಅಂದರು. ನಾನು ಒಳಗೊಳಗೇ ಕುಣಿದೆ. ಆದರೆ ಆ ಹುಡುಗಿ ಸೆರಗಿಲ್ಲದ ಸೊಂಟಕ್ಕೆ ದುಪಟ್ಟಾ ಬಿಗಿದು, ಒಂದು ಕಾಲಿನ ತುದಿಯ ಮೇಲೆ ನಿಂತು, ಬುಗುರಿಯಂತೆ ತಿರುಗಿ, ಸದ್ದೇ ಇಲ್ಲದೆ ನಿಂತಳು. ಅಷ್ಟು ಹೋಳಿಗೆ ಎಲ್ಲಿಗೆ ಹೋದವೋ ದೇವರೇ ಬಲ್ಲ.

ಅತ್ತೆ ಎದ್ದುಹೋಗಿ ಉಪ್ಪು ಮೆಣಸಿನಕಾಯಿ ತಂದು ಆಕೆಗೆ ದೃಷ್ಟಿ ತೆಗೆದರು! ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನಗೆ ಒಂದು ಸಾಸಿವೆ ಕಾಳನ್ನೂ ಅವರು ಇಳಿದೆಗೆದಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅತ್ತೆಯ ಮೊಣಕಾಲು ಹಿಡಿಯುತ್ತವೆ ಅಂತ ತಿಳಿದು, ಕಿಟಕಿಯ ಸರಳು ಹಿಡಿದುಕೊಂಡು ಮೆಲ್ಲಗೆ ಮೊಣಕಾಲು ಮಣಿಸಿ ಏಳುವುದನ್ನು ಆಕೆ ಕಲಿಸಿ ಹೋದಳು. ಅದಕ್ಕೆ 'ಪ್ಲಿಯೇ' ಅನ್ನುತ್ತಾರಂತೆ. ಮರುದಿನ ಮುಂಜಾನೆ ಅತ್ತೆ, "ಇವತ್ತ ಪಲ್ಲೆ ಮಾಡಿ ಆತು ನೋಡವಾ" ಅಂದರು. ನಾನು ಪಲ್ಲೆಯಾಯಿತೆಂದು ನಂಬಿ ಬರೀ ರೊಟ್ಟಿ ಬಡಿದೆ. ಊಟದ ಹೊತ್ತಿಗೆ ಯಜಮಾನರು ಚಟ್ನಿಪುಡಿ ನೆಕ್ಕಿಕೊಂಡು ಎದ್ದರು.

ಆ ಮಹಾಶಯರಾದರೂ ನನ್ನ ಕಡೆ ಇದ್ದರೇ? ಅವರಿಗೂ ಆಕೆ "ಸರ್, ಬೆನ್ನು ಬಗ್ಗಿಸಬ್ಯಾಡ್ರಿ, ಗದ್ದ ಮ್ಯಾಲ ಇರಲಿ" ಅಂದಿದ್ದಳು. ಗದ್ದ ಮೇಲೆತ್ತಿ ಆಕಾಶ ನೋಡುತ್ತ ಬಜಾರಿನಲ್ಲಿ ನಡೆದು ಕಡಲೆಯ ಚೀಲಕ್ಕೆ ಎಡವಿ ಬಿದ್ದರು. ಏಳುವಾಗಲೂ ಗದ್ದ ಮೇಲೆಯೇ ಇತ್ತಂತೆ.

ಮಗಳು, ಅತ್ತೆ, ಗಂಡ. ಮೂರೂ ಕೋಟೆಗಳು ಶತ್ರುವಶ. ನನ್ನ ಹತ್ತಿರ ಉಳಿದದ್ದು ಅಡಿಗೆಮನೆಯೊಂದೇ. ಅಲ್ಲಿಯೇ ನಾನು ಯುದ್ಧ ಸಾರಿದೆ. ಆ ಹುಡುಗಿ ಮಾಡುವುದನ್ನು ನಾನೇಕೆ ಮಾಡಬಾರದು? ಒಂದು ಭಾನುವಾರ ಗ್ಯಾಸಿನ ಮೇಲೆ ಹಾಲಿಟ್ಟು, ಬಾಗಿಲು ಮುಂದೆ ಮಾಡಿ, ಸೀರೆ ಎತ್ತಿ ಕಟ್ಟಿ, ಬಲಗಾಲನ್ನು ಅಡಿಗೆ ಕಟ್ಟೆಯ ಮೇಲೆ ಚಾಚಿದೆ. ಹೋಯಿತು. ನನಗೇ ಆಶ್ಚರ್ಯ. ಹೆಮ್ಮೆಯಿಂದ ಗದ್ದ ಮೇಲೆತ್ತಿದೆ. ಅಷ್ಟರಲ್ಲಿ ತೊಡೆಯಲ್ಲಿ ಏನೋ ಚಳಕ್ ಅಂದಿತು. ಕಾಲು ಕೆಳಗೆ ಬರಲೊಲ್ಲದು! ಇತ್ತ ಹಾಲು ಉಕ್ಕತೊಡಗಿತು. ಗ್ಯಾಸಿನ ಕಿವಿ ಕೈಗೆ ಎಟುಕದು.

"ಅತ್ಯಾ!" ಅಂತ ಕಿರುಚಿದೆ.

ಅತ್ತೆ ಬಂದು ನೋಡಿ, "ಅಯ್ಯ ನಮ್ಮವ್ವ! ರೊಟ್ಟಿ ಬಡಿಯೂ ಜಾಗಾದಾಗ ಕಾಲ್ಯಾಕ ಇಟ್ಟೀ?" ಅಂದರು.

"ಮದಲ ಗ್ಯಾಸ್ ಬಂದ್ ಮಾಡ್ರಿ!"

ಯಜಮಾನರು ಓಡಿ ಬಂದರು. ಎಳೆಯಲು ಹೋದರು. ನಾನು ಚೀರಿದೆ. ಆಗ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ, "ಪಪ್ಪಾ, ಮಿಸ್ಸಿಗೆ ವಿಡಿಯೋ ಕಾಲ್ ಹಚ್ಚರಿ" ಅಂದಳು.

"ಬ್ಯಾಡ! ಕಾಲು ಇಲ್ಲೇ ಇದ್ದರೂ ಅಡ್ಡಿಯಿಲ್ಲ, ಬ್ಯಾಡ!" ಅಂದೆ. ಯಾರು ಕೇಳಬೇಕು? ಮೊಬೈಲಿನಲ್ಲಿ ಆ ಮುಖ ಮೂಡಿತು.

"ಅಂಜಬ್ಯಾಡ್ರಿ ವೈನಿ. ಕೆಳಗಿನ ಮೊಣಕಾಲು ಸ್ವಲ್ಪ ಮಣಸ್ರಿ. ಉಸರು ಬಿಡ್ರಿ. ಸರ್, ನೀವು ಹಿಮ್ಮಡಿ ಹಿಡೀರಿ, ಜಗ್ಗಬ್ಯಾಡ್ರಿ."

ಕಾಲು ಕೆಳಗೆ ಬಂತು, ಮಾನ ಮಾತ್ರ ಕಟ್ಟೆಯ ಮೇಲೆಯೇ ಉಳಿಯಿತು. "ಭಾಳ ಎತ್ತರ ಹೋಗೇದ ವೈನಿ, ಈ ವಯಸ್ಸಿನಾಗ!" ಅಂತ ಹೊಗಳಿಕೆ ಬೇರೆ. 'ಈ ವಯಸ್ಸಿನಾಗ'! ಅತ್ತೆ ಸಂಜೆಯತನಕ ಕಟ್ಟೆಯನ್ನು ತಿಕ್ಕಿ ತಿಕ್ಕಿ ತೊಳೆದರು.

ಹಾಸಿಗೆಯಲ್ಲಿ ಎಣ್ಣೆ ಹಚ್ಚಿಕೊಂಡು ಬಿದ್ದಿದ್ದಾಗ ಎರಡನೆಯ ಉಪಾಯ ಹೊಳೆಯಿತು, ಮೊದಲನೆಯದಕ್ಕಿಂತ ಘನವಾದದ್ದು. ಅಲ್ಲಿಯವರೆಗೆ ಪುಣೆಯ ಶಾಲೆ ಅಂದರೆ ನಾನೇ ಅಡ್ಡ ನಿಲ್ಲುತ್ತಿದ್ದೆ. "ಇಷ್ಟು ಸಣ್ಣ ಕೂಸನ್ನ ಹಾಸ್ಟೆಲಿಗೆ ಹಾಕತಾರೇನು?" ಅನ್ನುತ್ತಿದ್ದೆ. ಆದರೆ ಮಗಳು ಪುಣೆಗೆ ಹೋದರೆ ಮಿಸ್ಸು ಹುಬ್ಬಳ್ಳಿಯಲ್ಲೇ ಉಳಿಯುತ್ತಾಳಲ್ಲ? ಶನಿವಾರದ ರೈಲು ಬಂದ್. ಮಿಸ್ಸಿನ ಮಾತು ಬಂದ್. ದೂರದಲ್ಲಿರುವ ಮಗಳು ಫೋನು ಮಾಡುವುದು ಯಾರಿಗೆ? ಹೆತ್ತ ತಾಯಿಗೆ!

ಮರುದಿನವೇ ಕುಂಟುತ್ತ ಬಂದು, "ಪುಣೆಕ್ಕ ಕಳಸೂಣು" ಅಂದೆ.

ಯಜಮಾನರು ನನ್ನ ಹಣೆ ಮುಟ್ಟಿ ನೋಡಿದರು. "ಕಾಲಿನ ನೋವು ತಲೀಗೆ ಏರಿತೇನ?"

"ಮಗಳ ಭವಿಷ್ಯ ನೋಡ್ರಿ. ನಿಮಗ ಬರೇ ನಿಮ್ಮ ಮನಸಿಂದೇ ಚಿಂತಿ."

ಅಂದಿನಿಂದ ಯೋಜನೆಯ ಮುಖ್ಯ ಅಭಿಯಂತರಳು ನಾನೇ ಆದೆ. ಬೆಳಿಗ್ಗೆ ಎಬ್ಬಿಸಿದೆ, ಕಾಲಿಗೆ ಎಣ್ಣೆ ತಿಕ್ಕಿದೆ, ಅವಳು ವ್ಯಾಯಾಮ ಮಾಡುವಾಗ ಎದುರು ಕೂತು ಕಾವಲು ಕಾಯ್ದೆ. ಆ ವರ್ಷ ನಾವಿಬ್ಬರೂ ನಕ್ಕಷ್ಟು ಯಾವ ವರ್ಷವೂ ನಕ್ಕಿರಲಿಲ್ಲ ಅನ್ನುವುದೂ ನಿಜ. ಒಮ್ಮೆ ಅವಳು ಹಾರಿ ತಿರುಗಿ ಇಳಿದದ್ದನ್ನು ನೋಡಿ ನನ್ನ ಕೈಯ ಅಕ್ಕಿಯ ಮೊರ ಹಾಗೆಯೇ ನಿಂತಿತು. ನನ್ನ ಮಗಳಿಗೆ ಅದು ಬರುತ್ತಿತ್ತು. ನಿಜವಾಗಿ ಬರುತ್ತಿತ್ತು. ಅಷ್ಟು ಹೊತ್ತು ನಾನು ಮಿಸ್ಸನ್ನು ಮರೆತೇಬಿಟ್ಟಿದ್ದೆ.

ಪರೀಕ್ಷೆಗೆ ಎಲ್ಲರೂ ಪುಣೆಗೆ ಹೋದೆವು, ಮಿಸ್ಸೂ ಬಂದಳು. ನಾನು ನಸುಕಿನಲ್ಲೆದ್ದು ಮಗಳಿಗೆ ಅಚ್ಚುಕಟ್ಟಾಗಿ ಹಾಕಿದ ಎರಡು ಹೆರಳನ್ನು ಆಕೆ ಬಾಗಿಲಲ್ಲೇ ಬಿಚ್ಚಿ ತುರುಬು ಕಟ್ಟಿದಳು. ಇನ್ನು ಸ್ವಲ್ಪ ದಿನ ಅಂತ ಹಲ್ಲು ಕಚ್ಚಿಕೊಂಡೆ. ಸಮೀಕ್ಷಾ ಪಾಸಾದಳು. ಮಿಸ್ಸು ನನ್ನ ಕೊರಳಿಗೆ ಬಿದ್ದು ಅತ್ತಳು.

"ನಿಮ್ಮಂಥಾ ಎದಿಗಾರಿಕಿ ನಾ ನೋಡಿಲ್ರಿ ವೈನಿ. ಮಗಳನ್ನ ಇಷ್ಟು ದೂರ ಕಳಸ್ತೀರಿ. ನನಗ ನೋಡ್ರಿ, ಹುಬ್ಬಳ್ಳಿ ಬಿಡಲಿಕ್ಕೆ ಧೈರ್ಯ ಸಾಲೂದಿಲ್ಲ."

ಗೆದ್ದವರಿಗೆ ಔದಾರ್ಯ ಹೆಚ್ಚು. ಅಲ್ಲದೆ ಅತ್ತೆಯ ಮೊಣಕಾಲು, ಗಂಡನ ಗದ್ದ ಎರಡೂ ಇನ್ನೂ ಆಕೆಯ ವಶದಲ್ಲಿದ್ದವು. ಆಕೆಯ ಬೆನ್ನು ಸವರಿ, "ನೀನೂ ಧೈರ್ಯ ಮಾಡವಾ. ಹುಬ್ಬಳ್ಳ್ಯಾಗ ಎಷ್ಟು ದಿನ ಇರತೀ? ದೊಡ್ಡ ಊರಾಗ ದೊಡ್ಡ ಕೆಲಸಾ ಹಿಡಿ" ಅಂದೆ. ಮನಸ್ಸಿನಲ್ಲಿದ್ದ ದೊಡ್ಡ ಊರು ದಿಲ್ಲಿ. ಕಲಕತ್ತೆಯಾದರೂ ಅಡ್ಡಿಯಿರಲಿಲ್ಲ.

ಜೂನಿನಲ್ಲಿ ನಾವಿಬ್ಬರೂ ಮಗಳನ್ನು ಬಿಡಲು ಹೋದೆವು. ಟ್ರಂಕು, ಹಾಸಿಗೆ, ಶೇಂಗಾ ಉಂಡಿಯ ಡಬ್ಬಿ. ಹಾಸ್ಟೆಲಿನ ಬಾಗಿಲಲ್ಲಿ ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡು ಒಬ್ಬಳು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದಳು.

"ಮಿಸ್!" ಅಂತ ಚೀರಿ ಸಮೀಕ್ಷಾ ನನ್ನ ಕೈ ಕೊಡವಿ ಓಡಿದಳು.

ಮಲ್ಲಿಕಾ ನಗುತ್ತ ಬಂದು ನನ್ನ ಕಾಲು ಮುಟ್ಟಿದಳು. "ನೀವು ಹೇಳಿದ ಮ್ಯಾಲೇ ಅರ್ಜಿ ಹಾಕಿದೆ ವೈನಿ. ಸಣ್ಣ ಹುಡುಗ್ಯಾರಿಗೆ ಕಲಸೂದು, ಹಾಸ್ಟೆಲಿನ ವಾರ್ಡನ್ನೂ ನಾನೇ. ನಿಮ್ಮನ್ನ ಚಕಿತ ಮಾಡಬೇಕಂತ ಹೇಳಿರಲಿಲ್ಲ."

ಚಕಿತಳಾದೆ. ಯಜಮಾನರು ಗದ್ದ ಮೇಲೆತ್ತಿ, "ನೋಡು, ಎಷ್ಟು ಛಲೋ ಆತು!" ಅಂದರು. ತಿನಿಸುಗಳನ್ನೆಲ್ಲ ವಾರ್ಡನ್ ಕೈಗೆ ಒಪ್ಪಿಸಬೇಕೆಂದು ಅಲ್ಲಿಯ ನಿಯಮ. ನನ್ನ ಕೈಯಾರೆ ಉಂಡಿಯ ಡಬ್ಬಿ ಆಕೆಗೆ ಕೊಟ್ಟೆ. ಅಲ್ಲೇ ತೆರೆದು ಒಂದು ಬಾಯಿಗೆ ಹಾಕಿಕೊಂಡಳು.

ಹೊರಡುವಾಗ ಸಮೀಕ್ಷಾ ನನ್ನ ಕೊರಳು ತಬ್ಬಿ ಕಿವಿಯಲ್ಲಿ, "ಅಳಬ್ಯಾಡಮ್ಮಾ, ಮಿಸ್ ಇದ್ದಾರಲ್ಲ" ಅಂದಳು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ರೈಲಿನಲ್ಲಿ ಕೂತ ಮೇಲೆ ಅತ್ತೆಯ ಫೋನು ಬಂತು. ಮಿಸ್ಸೇ ವಾರ್ಡನ್ ಅನ್ನುವ ಸುದ್ದಿಯನ್ನು ಯಜಮಾನರು ಹಾಸ್ಟೆಲಿನಿಂದಲೇ ಮುಟ್ಟಿಸಿದ್ದರು. ಮೊಮ್ಮಗಳ ಸುದ್ದಿ ಕೇಳುವ ಮೊದಲು, "ಮಲ್ಲಿಕಾ ಸೊರಗಿಲ್ಲ ಹೌದಲ್ಲೋ?" ಅಂತ ಮಗನನ್ನು ಕೇಳಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದೆ. ಎದುರಿಗೆ ಮೀರಜಿಗೆ ಹೊರಟಿದ್ದ ವಯಸ್ಸಾದ ಹೆಂಗಸೊಬ್ಬರು ಮರುಗಿ, ನೀರಿನ ಬಾಟಲಿ ಕೊಟ್ಟು, ನನ್ನ ಕೈ ಹಿಡಿದುಕೊಂಡರು.

"ಮಗಳನ್ನ ಹಾಸ್ಟೆಲಿಗೆ ಬಿಟ್ಟು ಬಂದ್ರೇನವಾ? ಚಿಂತಿ ಮಾಡಬ್ಯಾಡ್ರಿ. ಅಲ್ಲೆ ವಾರ್ಡನ್ ಅಂತ ಇರ್ತಾರ. ಒಂದು ತಿಂಗಳದಾಗ ನಿಮ್ಮ ಮಗಳು ಅವರನ್ನ ತಾಯಿಗಿಂತ ಹೆಚ್ಚು ಹಚ್ಚಿಕೊಂಡಬಿಡತಾಳ ನೋಡ್ರಿ!"

ನಾನು ಹೋ ಅಂತ ಅತ್ತ ಸದ್ದಿಗೆ ಇಡೀ ಬೋಗಿಯ ಜನ ಎದ್ದು ನಿಂತರು.