ವೈಷ್ಣವ ಸಾಹೇಬರ ಆರ್ಕುಟ್ ಸ್ತೋತ್ರ

ಇನ್ನು ಮುಂದೆ ತನ್ನ ಸಂಶೋಧನೆ ಕಪಾಟಿನಲ್ಲಿ ಕೊಳೆಯುವುದಿಲ್ಲ, ಇಡೀ ಜಗತ್ತು ಅದನ್ನು ಕಣ್ಣರಳಿಸಿ ನೋಡುತ್ತದೆ ಎಂದು ಡಾ. ಶ್ರೀಪಾದ ಘೋಷಿಸಿದ್ದು ಅಹಮದಾಬಾದಿನಿಂದ ವಾಪಸು ಬಂದ ದಿನ, ಇನ್ನೂ ಬೂಟು ಬಿಚ್ಚುವ ಮೊದಲೇ. ಅಲ್ಲಿನ ವಸ್ತ್ರಾಪುರದ ಸಭಾಂಗಣವೊಂದರಲ್ಲಿ ಅಮೆರಿಕ ನೋಡಿಬಂದ ತರುಣನೊಬ್ಬ ಉಪನ್ಯಾಸ ಕೊಟ್ಟಿದ್ದ. ವಿದ್ವಾಂಸರು ನಾಚಿಕೊಂಡು ಮೂಲೆಯಲ್ಲಿ ಕೂರಬಾರದು, ಆರ್ಕುಟ್‌ನಂಥ ಜಾಲತಾಣ ಸೇರಬೇಕು, ಮೇಲಿನವರ ಗೆಳೆತನ ಬೆಳೆಸಬೇಕು, ಹೆಸರು ಮಾಡಬೇಕು ಎಂದಿದ್ದ. ‘ಹೆಸರು’ ಎಂದದ್ದೇ ತಡ, ಶ್ರೀಪಾದ ಕುರ್ಚಿಯಲ್ಲಿ ನೆಟ್ಟಗಾಗಿದ್ದ.

“ಆರ್ಕುಟ್ ಅಂದ್ರ ಹುಡುಗ್ರು ಹುಡುಗ್ಯಾರ ಫೋಟೋ ನೋಡೋದಲ್ಲೇನ್ರಿ?” ಎಂದಳು ಹೆಂಡತಿ ಮಂದಾಕಿನಿ.

“ಅದು ಖಾಲಿ ಮಂದಿ ಮಾಡೋ ಕೆಲಸ. ನಾವು ಪ್ರೊಫೆಶನಲ್ ಆಗಿ ಬಳಸ್ತೀವಿ.”

“ನಾವು ಅಂದ್ರ ಯಾರ್ಯಾರು?”

“ನಾನು.”

ಹೆಸರಿನ ಈ ಹಸಿವಿಗೆ ಕಾರಣವಿತ್ತು. ಧಾರವಾಡ ಬಿಟ್ಟು ವಡೋದರಾದ ಕಾಲೇಜಿಗೆ ಸೇರಿದ ಶ್ರೀಪಾದ ಲೆಕ್ಚರರ್ ಆಗಿಯೇ ತಲೆಗೂದಲು ಕಳೆದುಕೊಂಡಿದ್ದ. ಈ ಬೇಸಿಗೆಯಲ್ಲಿ ಅದಕ್ಕಿಂತ ಮೇಲಿನ ರೀಡರ್ ಹುದ್ದೆಗೆ ಸಂದರ್ಶನವಿತ್ತು. ಅದಕ್ಕೆ ಮೊದಲ ಹೆಸರು ತನ್ನದಾಗಿರುವ ಒಂದು ದೊಡ್ಡ ಪ್ರಬಂಧ ಬೇಕು. ಪ್ರಬಂಧವೇನೋ ಇತ್ತು. ಸೂರತ್ತಿನ ಕತಾರ್‌ಗಾಮ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಚರಂಡಿಗಳನ್ನು ಮೂಗು ಹಿಡಿದುಕೊಂಡು ವರ್ಷಗಟ್ಟಲೆ ಅಲೆದು, ಕ್ಯಾನುಗಳಲ್ಲಿ ಆ ನೀರು ತುಂಬಿ, ರೈಲಿನಲ್ಲಿ ಸಹಪ್ರಯಾಣಿಕರ ಬೈಗುಳ ತಿಂದುಕೊಂಡು ತಂದು ಪರೀಕ್ಷೆ ಮಾಡಿ ಬರೆದ ಪ್ರಬಂಧ. ಅದು ವಿಭಾಗದ ಮುಖ್ಯಸ್ಥ ಹರ್ಷದ್ ವೈಷ್ಣವ ಸಾಹೇಬರ ಮೇಜು ದಾಟುವಷ್ಟರಲ್ಲಿ ಮೇಲೆ ವೈಷ್ಣವ, ಕೆಳಗೆ ಶ್ರೀಪಾದ ಎಂದಾಗಿತ್ತು. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲೂ ಅದು ಸರಿಯಲ್ಲ, ದುಡಿಮೆಯ ಕ್ರಮದಲ್ಲಂತೂ ಅಲ್ಲವೇ ಅಲ್ಲ. “ಎಂಜಿನ್ ಮುಂದಿರಬೇಕು ಶ್ರೀಪಾದ್‌ಭಾಯಿ, ಡಬ್ಬಿ ಹಿಂದೆ” ಎಂದು ಸಾಹೇಬರು ಪ್ರೀತಿಯಿಂದ ತಿಳಿಹೇಳಿದ್ದರು. ನಮ್ಮ ವಿಜ್ಞಾನಿ “ಹೌದು ಸಾರ್” ಎಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದಿದ್ದ.

ಆದರೆ ಪ್ರಬಂಧ ಇನ್ನೂ ಪತ್ರಿಕೆಗೆ ಹೋಗಿರಲಿಲ್ಲ. ಸಾಹೇಬರನ್ನು ಒಲಿಸಿಕೊಂಡರೆ ಹೆಸರು ಮೇಲೆ ಬಂದೀತು. ಅದಕ್ಕೇ ಶ್ರೀಪಾದ ಆರ್ಕುಟ್‌ನಲ್ಲಿ ಸಾಹೇಬರಿಗೆ ತಾನೇ ಖಾತೆ ತೆರೆದುಕೊಟ್ಟ, ತಾನೇ ಅವರ ಮೊದಲ ಗೆಳೆಯನಾದ, ದಿನಾ ಬೆಳಿಗ್ಗೆ ಇಂಗ್ಲಿಷಿನಲ್ಲಿ ಶುಭಾಶಯ ಕೋರಿದ. ಹಾಗೆ ಕೋರಿ ಕೋರಿ ಹೊಟ್ಟೆಯೊಳಗೆ ಕುದಿಯುತ್ತಿದ್ದುದನ್ನು ಅಲ್ಲೇ ಅಚ್ಯುತನ ಪುಟದಲ್ಲಿ ಕನ್ನಡದಲ್ಲಿ ಬರೆದ. ಅಚ್ಯುತ ಧಾರವಾಡದ ಸಹಪಾಠಿ, ಸೂರತ್ತಿನ ಬ್ಯಾಂಕಿನಲ್ಲಿದ್ದ. ಚರಂಡಿ ಅಲೆದ ದಿನಗಳಲ್ಲಿ ಶ್ರೀಪಾದನಿಗೆ ಊಟ, ಹಾಸಿಗೆ ಎರಡನ್ನೂ ಕೊಟ್ಟವನು.

ಆರ್ಕುಟ್‌ನ ಪುಟದಲ್ಲಿ ಬರೆದದ್ದು ಎಲ್ಲರಿಗೂ ಕಾಣುತ್ತದೆ. ಅದು ಶ್ರೀಪಾದನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಕಂಡರೇನು, ಅರ್ಥವಾಗಬೇಕಲ್ಲ! ಗುಜರಾತಿನಲ್ಲಿರುವ ಕನ್ನಡಿಗರಿಗೆಲ್ಲ ಇರುವ ಚಟ ಇದು. ಆಟೋದವನ ಎದುರೇ ಆಟೋದವನನ್ನು ಬೈಯುವುದು, ಪಕ್ಕದ ಮನೆಯಲ್ಲಿ ಉಣ್ಣುತ್ತ ನಗುನಗುತ್ತಲೇ ಅವರ ಬೇಳೆಗೆ ಹೆಸರಿಡುವುದು. ಕನ್ನಡ ಮಾತಾಡಿದರೆ ಬಾಗಿಲು ಹಾಕಿಕೊಂಡ ಹಾಗೆ ಎಂದು ಎಲ್ಲರೂ ನಂಬಿರುತ್ತಾರೆ. ಶ್ರೀಪಾದ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಕುಟ್ಟಿ ಕುಟ್ಟಿ ತೃಪ್ತನಾಗಿ ಮಲಗಿದ.

ಮುಂದಿನ ಭಾನುವಾರ ಸಾಹೇಬರ ಮನೆಯಿಂದ ದಂಪತಿಗಳಿಗೆ ಊಟದ ಕರೆ ಬಂತು. “ನೋಡಿದ್ಯಾ, ಆರ್ಕುಟ್ ಕೆಲಸ ಮಾಡ್ತು” ಎಂದ ಶ್ರೀಪಾದ.

ಪೂರಿ, ಮಾವಿನ ರಸ ಬಡಿಸಿದ ಮೇಲೆ ಸಾಹೇಬರು ಒಂದು ಹಾಳೆ ತಂದು ಮಂದಾಕಿನಿಯ ಕೈಗೆ ಕೊಟ್ಟರು. “ಭಾಭಿ, ಇವರು ಯಾವುದೋ ಗೆಳೆಯನಿಗೆ ನನ್ನ ಬಗ್ಗೆ ಬರೆದಿದ್ದಾರೆ. ಎಲ್ಲೆಲ್ಲೂ ನನ್ನ ಹೆಸರೇ. ಇವರನ್ನು ಕೇಳಿದರೆ ನಾಚಿಕೊಳ್ಳುತ್ತಾರೆ. ನೀವು ಹಿಂದಿಯಲ್ಲಿ ಹೇಳಿ.”

ಶ್ರೀಪಾದ ಕತ್ತು ಚಾಚಿ ನೋಡಿದ. ಹಾಳೆಯ ಮೊದಲ ಸಾಲು: ‘ಈ ವೈಷ್ಣವಗ ಬೀಕರ್ ಯಾವುದು, ಚಾ ಕಪ್ ಯಾವುದು ಗೊತ್ತಿಲ್ಲ.’

ಮಂದಾಕಿನಿ ಸೆರಗು ಸರಿಮಾಡಿಕೊಂಡಳು. “ಸಾಹೇಬರು ಕೆಲಸದಲ್ಲಿ ಎಷ್ಟು ಮುಳುಗಿರುತ್ತಾರೆಂದರೆ, ಬೀಕರಿನಲ್ಲಿ ಚಹಾ ಕೊಟ್ಟರೂ ಗೊತ್ತಾಗುವುದಿಲ್ಲ ಅಂತ ಬರೆದಿದ್ದಾರೆ.”

“ಕೇಳಿದೆಯಾ?” ಎಂದು ಸಾಹೇಬರು ತಮ್ಮ ಹೆಂಡತಿಯ ಕಡೆ ತಿರುಗಿದರು. “ನೀನು ಇದನ್ನೇ ಮರೆವು ಅನ್ನುತ್ತೀಯ. ಭಾಭಿ, ಇಲ್ಲಿ ‘ಕಳ್ಳ’ ಅಂತ ಮತ್ತೆ ಮತ್ತೆ ಬರುತ್ತದಲ್ಲ, ಹಾಗಂದರೇನು?”

“ಕೃಷ್ಣನನ್ನು ನಮ್ಮ ಕಡೆ ಮುದ್ದಿನಿಂದ ಹಾಗೆ ಕರೆಯುತ್ತಾರೆ. ನೀವು ಮಾಖನ್‌ಚೋರ್ ಅನ್ನುತ್ತೀರಲ್ಲ.”

ಆ ದಿನದ ಅನುವಾದದಲ್ಲಿ ಸತ್ಯದ ಹತ್ತಿರ ಸುಳಿದದ್ದು ಅದೊಂದೇ ಮಾತು. ಸಾಹೇಬರ ಹೆಂಡತಿ ಗೋಡೆಯ ಮೇಲಿದ್ದ, ಕೃಷ್ಣನದೇ ರೂಪವಾದ ಶ್ರೀನಾಥಜಿಯ ಪಟಕ್ಕೆ ಕೈಮುಗಿದರು. ಸಾಹೇಬರು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಇಲ್ಲಿ ಪೇಪರಿನ ವಿಷಯ ಇದೆ. ‘ಪೇಪರ್’ ಅಂತ ನನಗೂ ಓದಲಿಕ್ಕೆ ಬರುತ್ತದೆ.”

ಅಲ್ಲಿದ್ದದ್ದು: ‘ಪೇಪರ್ ಪೂರಾ ನಂದು, ಹೊಲಸು ನೀರು ಹೊತ್ತಾವ ನಾನು, ಹೆಸರು ಹೊತಗೊಂಡು ಹೋಗಾವ ಅವನು.’

ಮಂದಾಕಿನಿ ಒಂದು ಗುಟುಕು ನೀರು ಕುಡಿದಳು. “ಪೇಪರ್ ಪೂರ್ತಿ ಸಾಹೇಬರದು, ಹೆಸರೂ ಅವರಿಗೇ ಸೇರಬೇಕು. ನಾನು ಬರೀ ನೀರು ಹೊತ್ತವನು, ಅಂತ.”

ಶ್ರೀಪಾದ ಮೇಜಿನ ಕೆಳಗೆ ಅವಳ ಕಾಲು ತುಳಿದ. ಅವಳು ನಗುನಗುತ್ತ ಕನ್ನಡದಲ್ಲಿ, “ಸುಮ್ನ ಕೂಡ್ರಿ. ನಿಮ್ಮ ನೌಕರಿ ಉಳಸ್ಲಿಕತ್ತೀನಿ” ಎಂದಳು.

ಸಾಹೇಬರ ಕಣ್ಣು ತೇವವಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. “ನಿಮಗೆ ನೋವಾಗಬಾರದೆಂದು ಎರಡನೆಯ ಹೆಸರು ನಿಮ್ಮದು ಹಾಕಿದ್ದೆ, ಶ್ರೀಪಾದ್‌ಭಾಯಿ. ನಿಮ್ಮ ಮನಸ್ಸಿಗೆ ಅದೂ ಭಾರವೆಂದು ತಿಳಿಯಲೇ ಇಲ್ಲ. ತೆಗೆದುಬಿಡುತ್ತೇನೆ. ಆ ಜಾಗಕ್ಕೆ ನಮ್ಮ ಅಳಿಯ ಕೇತನ್ ಇದ್ದಾನೆ. ಮ್ಯಾನೇಜ್‌ಮೆಂಟ್ ಕಲಿಸುತ್ತಾನೆ, ಪಾಪ, ಅವನಿಗೂ ಈ ವರ್ಷ ಒಂದು ಪೇಪರ್ ಬೇಕು.”

ಶ್ರೀಪಾದ ಬಾಯಿ ತೆರೆದ. ಬೇಡವೆನ್ನಬೇಕಾದರೆ ಹಾಳೆಯಲ್ಲಿ ನಿಜವಾಗಿ ಏನಿದೆ ಎಂದು ಹೇಳಬೇಕು. ಹೇಳಿದರೆ ಹೆಸರಿನ ಜೊತೆ ನೌಕರಿಯೂ ಹೋಗುತ್ತದೆ. ತೆರೆದ ಬಾಯಿಗೆ ಏನಾದರೂ ಕೆಲಸ ಕೊಡಬೇಕಲ್ಲ ಎಂದು, “ತಮ್ಮದು ದೊಡ್ಡ ಮನಸ್ಸು ಸಾರ್” ಎಂದ.

ಇಬ್ಬರೂ ಸ್ಕೂಟರಿನಲ್ಲಿ ಮನೆಗೆ ಹೊರಟರು.

“ಸ್ವಲ್ಪ ಕಡಿಮಿ ಹೊಗಳಬಾರದಿತ್ತೇನ?” ಎಂದ ಶ್ರೀಪಾದ.

“ನೀವು ಸ್ವಲ್ಪ ಕಡಿಮಿ ಬೈಬಾರದಿತ್ತೇನ್ರಿ? ಅಲ್ಲಿ ಬೈಯೋದು, ಇಲ್ಲಿ ಹೌದು ಸಾರ್ ಅನ್ನೋದು. ಬೈಯೋದಿತ್ತಂದ್ರ ಅವರ ಮುಂದ ನಿಂತು, ಅವರಿಗೆ ತಿಳಿಯೋ ಭಾಷಾದಾಗ ಬೈಬೇಕಿತ್ತು.”

ಶ್ರೀಪಾದ ಸ್ಕೂಟರಿನ ವೇಗ ಸುಮ್ಮನೆ ಹೆಚ್ಚಿಸಿದ.

ಮರುದಿನ ಆರ್ಕುಟ್ ತೆರೆದರೆ ಸಾಹೇಬರ ಪ್ರಶಂಸಾಪತ್ರ ಬಂದು ಕೂತಿತ್ತು. ‘ಡಾ. ಶ್ರೀಪಾದರಂಥವರು ಅಪರೂಪ. ಹೆಸರಿನ ಆಸೆಯಿಲ್ಲ, ಬಡ್ತಿಯ ಆಸೆಯಿಲ್ಲ. ಇರುವ ಜಾಗದಲ್ಲೇ ಸುಖವಾಗಿದ್ದಾರೆ.’ ಅದರ ಕೆಳಗೆ ಆರ್ಕುಟ್ ಕೇಳುತ್ತಿತ್ತು: ಇದನ್ನು ನಿಮ್ಮ ಪುಟದಲ್ಲಿ ಪ್ರಕಟಿಸಲು ಒಪ್ಪಿಗೆಯೇ?

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಸಾಹೇಬರೇ. “ಓದಿದಿರಾ? ಪುಟದಲ್ಲಿ ಇನ್ನೂ ಕಾಣುತ್ತಿಲ್ಲವಲ್ಲ. ಬೇಗ ಹಾಕಿ. ರೀಡರ್ ಹುದ್ದೆಗೆ ಸಂದರ್ಶನ ಮಾಡಲು ಬರುವವರಿಗೆಲ್ಲ ನಾನೇ ತೋರಿಸುತ್ತೇನೆ.”

ಬೆನ್ನ ಹಿಂದೆ ನಿಂತಿದ್ದ ಮಂದಾಕಿನಿ ಪರದೆಯನ್ನು ನೋಡಿದಳು. ಇಂಗ್ಲಿಷನ್ನು ನಿಧಾನವಾಗಿ ಓದಿಕೊಂಡಳು.

“ಇದರ ಅರ್ಥ ಹೇಳ್ಲೇನ್ರಿ?”

“ಬ್ಯಾಡ. ಇದು ನನಗ ಸರಿಯಾಗಿ ತಿಳೀತು” ಎಂದ ಶ್ರೀಪಾದ, ಒಪ್ಪಿಗೆ ಒತ್ತಿದ.