ಅತ್ತೆಯವರು ಕಪ್ಪೆಯಾದ ಬಗ್ಗೆ ವಿವರಣೆ

ಇಂದ:
ಕಲ್ಲು ಕೆತ್ತುವ ಅರ್ಜಿದಾರಳು,
ಕೋಣೆ ಸಂಖ್ಯೆ ಹದಿನಾಲ್ಕು, ಕಲಾವಿದರ ಗೋದಾಮು.

ಗೆ:
ಅಧ್ಯಕ್ಷರು, ನಗರ ಕಲಾ ನೆರವು ಮಂಡಳಿ.

ವಿಷಯ: ಒಂದೇ ಒಂದು ಶಿಲ್ಪವನ್ನು ಪೂರ್ತಿ ಮುಗಿಸಲು ಅನುಮತಿ ಕೋರಿ.

ಉಲ್ಲೇಖ: ಕೋಣೆ ತೆರವು ಮಾಡುವಂತೆ ಪರಿವೀಕ್ಷಕರು ಬಾಗಿಲಿಗೆ ಅಂಟಿಸಿದ ನೋಟೀಸು.

ಮಾನ್ಯರೇ,

1. ಸದರಿ ಅರ್ಜಿದಾರಳಿಗೆ ಆರು ವರ್ಷಗಳ ಹಿಂದೆ ಮಂಡಳಿಯು ಒಂದು ಕೋಣೆಯನ್ನೂ ಆಳೆತ್ತರದ ಒಂದು ಕಲ್ಲನ್ನೂ ಉಚಿತವಾಗಿ ಕೊಟ್ಟಿತು. ಷರತ್ತು ಎರಡೇ. ಶಿಲ್ಪ ಮುಗಿಯುವ ತನಕ ಮಾತ್ರ ಕೋಣೆ ಅವಳದು. ಮೂರು ತಿಂಗಳಿಗೊಮ್ಮೆ ಪರಿವೀಕ್ಷಕರಿಗೆ ಪ್ರಗತಿ ಕಾಣಿಸಬೇಕು. ಇದನ್ನು ಬರೆದ ಪುಣ್ಯಾತ್ಮರು ಜನ್ಮದಲ್ಲಿ ಉಳಿ ಹಿಡಿದವರಲ್ಲ ಎಂಬುದು ಅರ್ಜಿದಾರಳ ನಮ್ರ ಅಭಿಪ್ರಾಯ.

2. ಅವಳು ಕೆತ್ತಿದ್ದು ತೀರಿಕೊಂಡ ಅತ್ತೆಯನ್ನು. ಬದುಕಿದ್ದಾಗ ಇಬ್ಬರದೂ ಎಣ್ಣೆ ಸೀಗೆಕಾಯಿ. ಆದರೂ ಒಂದೇ ವರ್ಷದಲ್ಲಿ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು. ದರ್ಜಿಯಾದ ಗಂಡ ಅಂಗಡಿ ಮುಚ್ಚಿ ಬಂದವನು ನೋಡಿ ಅತ್ತೇಬಿಟ್ಟ. "ಅಮ್ಮ ಈಗ ಬೈತಾಳೆ ಅನ್ಸುತ್ತೆ ಕಣೇ. ಇನ್ನು ಮುಟ್ಟಬೇಡ," ಎಂದ.

3. ಮರುದಿನವೇ ಪರಿವೀಕ್ಷಣೆ. ಮುಗಿದಿದೆ ಎಂದು ಬರೆದರೆ ಕೋಣೆ ಹೋಯಿತು. ಮನೆಯಲ್ಲಿ ಕಲ್ಲು ಕುಟ್ಟಿದರೆ ಕೆಳಮಹಡಿಯವರು ಅವಳನ್ನೇ ಕುಟ್ಟುತ್ತಾರೆ. ಆದ್ದರಿಂದ ಬೆಳಗ್ಗೆ ಬಂದವಳೇ ಅತ್ತೆಯ ಮೂಗು ಹಾರಿಸಿದಳು. ಪರಿವೀಕ್ಷಕರು 'ಕೆಲಸ ಪ್ರಗತಿಯಲ್ಲಿದೆ' ಎಂದು ಬರೆದುಕೊಂಡು ಹೋದರು. ಸಂಜೆ ಗಂಡ ಬಂದು ನೋಡಿದ. ಅವತ್ತಿನಿಂದ ಕೋಣೆಗೆ ಕಾಲಿಟ್ಟಿಲ್ಲ.

4. ಮೂಗಿಲ್ಲದ ಮುಖ ಸರಿಪಡಿಸಲು ಹೋಗಿ ಅತ್ತೆ ಕರಡಿಯಾದರು. ಪ್ರಗತಿ ಕಾಣಿಸಬೇಕಾದ ಕಾರಣ ಕರಡಿ ಕುರಿಯಾಯಿತು. ಆಮೇಲಿನದು ಏನೆಂದು ಅವಳಿಗೂ ಗೊತ್ತಿಲ್ಲ; ಪರಿವೀಕ್ಷಕರು ಅದನ್ನು 'ನವ್ಯ' ಎಂದು ಬರೆದುಕೊಂಡರು. ಈಗ ಉಳಿದಿರುವುದು ಅಂಗೈಯಗಲದ ಕಪ್ಪೆ.

ಕಳೆದ ವಾರ ಪರಿವೀಕ್ಷಕರು ಅದನ್ನು ಎತ್ತಿ ನೋಡಿ, "ಮುಗಿದೇಹೋಯ್ತಲ್ಲಮ್ಮಾ!" ಎಂದರು.

"ಅಯ್ಯೋ, ಇಲ್ಲ ಸಾರ್, ಕಣ್ಣು ಬಾಕಿ ಇದೆ."

"ಪಿಳಿಪಿಳಿ ಅಂತ ನನ್ನನ್ನೇ ನೋಡ್ತಿದೆ, ಇನ್ನೇನು ಬಾಕಿ?"

5. ಅರ್ಜಿದಾರಳಿಗೆ ನಾಚಿಕೆಯಾಗಿದೆ. ನಿಯಮ ಮಂಡಳಿಯದೇ ಇರಬಹುದು, ಸುತ್ತಿಗೆ ಎತ್ತಿದ ಕೈ ಅವಳದು.

ಆದ್ದರಿಂದ, ಇನ್ನೊಂದು ಆಳೆತ್ತರದ ಕಲ್ಲನ್ನೂ ಒಂದು ವರ್ಷದ ಗಡುವನ್ನೂ ದಯಪಾಲಿಸಬೇಕು. ಪ್ರಗತಿ ಕೇಳಬಾರದು. ಅತ್ತೆ ಮುಗಿದ ದಿನ ಅವಳೇ ಬೀಗದ ಕೈ ಒಪ್ಪಿಸುತ್ತಾಳೆ. ಆಮೇಲೆ ಕೋಣೆ ಬೇಡ.

ಇಷ್ಟಾದರೂ ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತು:
ಪ್ರಗತಿ ವರದಿಗಳು, ಇಪ್ಪತ್ತಮೂರು.
ಕಪ್ಪೆ, ಒಂದು. (ಕಾಗದ ಹಾರದಂತೆ ಮೇಲಿಡಲು ಅನುಕೂಲ.)

ವಿಶೇಷ ಸೂಚನೆ: ಶಿಲ್ಪ ಮುಗಿದ ದಿನ ಪರಿವೀಕ್ಷಕರು ಸಂಜೆ ಆರರ ನಂತರ ಬರಬೇಕಾಗಿ ಕೋರಿಕೆ. ದರ್ಜಿಯ ಅಂಗಡಿ ಐದಕ್ಕೆ ಮುಚ್ಚುತ್ತದೆ, ಮೊದಲು ಅವನು ನೋಡಬೇಕು.