ನೆಲಾ ಒರಸೂ ಅರಿಬಿ, ತಲಿ ತಿನ್ನೂ ಮಂದಿ

ಇವತ್ತರ ಸಿಟ್ಟಿಗೇಳಬಾರದು ಅಂತ ದಿನಾ ಮುಂಜಾನೆ ಅನ್ಕೊಂಡ ಕೆಲಸಕ್ಕ ಹೋಗ್ತೇನಿ. ಕೋಲಿ ಬಾಗಲಾ ತಗಿಯೂದ ತಡ, ಏನರ ಒಂದು ಆಗೇ ಇರತೈತಿ.

ನಾ ಕೆಲಸಾ ಮಾಡೂದು ಬಾಗಲಕೋಟ್ಯಾಗ, ಒಂದು ಒಗ್ಯಾಣದ ಕೋಲಿಯಾಗ. ಮಂದಿ ಸೀರಿ, ಧೋತರ ಒಗಿಯೂದಲ್ಲ. ನಮ್ಮ ಕಂಪನಿಯವರು ದವಾಖಾನಿ, ಲಾಜು, ಆಫೀಸು ಸ್ವಚ್ಛ ಮಾಡ್ತಾರ. ಅವರ ಒರಸೂ ಅರಿಬಿ, ಮಾಪು, ಮೈಮ್ಯಾಲಿನ ಯೂನಿಫಾರ್ಮು ಒಗಿಯೂದು ನಮ್ಮ ಕೆಲಸ. ನಾ ಸೂಪರ್‌ವೈಸರ್. ಮಷೀನ್ ನಡಸಾಂವ ಶಿರೂರ ಮಾಮಾ. ಅರಿಬಿ ವಿಂಗಡಾ ಮಾಡಾಕಿ ಕಮತಗಿ ಕಾಕಿ. ಇಬ್ಬರೂ ಬಂಗಾರದಂಥ ಮಂದಿ, ಅದ ತ್ರಾಸು. ಬೈಯಾಕ ಬಾಯಿ ಬರೂದಿಲ್ಲ, ಬೈದ್ರ ಅವರಿಗೆ ತಾಗೂದಿಲ್ಲ.

ಕೋಲಿ ನಡದದ್ದು ಒಂದ ದೊಡ್ಡ ದವಾಖಾನಿ ಕೆಲಸದ ಮ್ಯಾಲ. ಅದು ಹೋತಂದ್ರ ಕೋಲಿಗೆ ಕೀಲಿ, ಮೂರೂ ಮಂದಿ ಮನಿಗೆ. ಇದನ್ನ ನಾ ದಿನಾ ಹೇಳ್ತೇನಿ. ಅವರು ದಿನಾ ಗೋಣ ಹಾಕ್ತಾರ.

ಕೆಂಪು ಅರಿಬಿ

ನಮ್ಮ ಕೆಲಸದಾಗ ಬಣ್ಣದ ಪದ್ಧತಿ ಐತಿ. ಕೆಂಪು ಅರಿಬಿ ಸಂಡಾಸಕ್ಕ, ನೀಲಿ ಟೇಬಲ್ಲಿಗೆ, ಹಸರು ಅಡಿಗಿಮನಿಗೆ. ಸಂಡಾಸದ ಹೊಲಸು ಟೇಬಲ್ಲಿಗೆ ಬರಬಾರದಂತ ಈ ಏರ್ಪಾಡು.

ಒಂದಿನ ದವಾಖಾನಿಯ ದೊಡ್ಡ ಸಿಸ್ಟರ್ ಫೋನ್ ಮಾಡಿದ್ರು. ನರ್ಸ್‌ಗಳಿಗೆಲ್ಲಾ ಹಿರಿಯರು ಅವರು, ನಮ್ಮ ಕೆಲಸಾ ಇಡೂದು ಬಿಡೂದು ಅವರ ಕೈಯಾಗ.

“ನಿಮ್ಮ ಹೆಣ್ಮಕ್ಕಳು ಡಾಕ್ಟರ್ ಟೇಬಲ್ ಕೆಂಪು ಅರಿಬಿಲೆ ಒರಸಾಕತ್ತಾರ. ಸಂಡಾಸಕ್ಕ ನೀಲಿ ಒಯ್ದಾರ. ಏನಿದು?”

ಕಾಕಿನ್ನ ಕರದು ಕೇಳಿದೆ. ಆಕಿ ನನ್ನ ಮ್ಯಾಲೇ ಬಂದ್ಳು.

“ಅಲ್ಲ ಅಕ್ಕಾರ, ಕೆಂಪು ಅಂದ್ರ ಕುಂಕುಮದ ಬಣ್ಣ. ಇಳಕಲ್ ಸೀರಿ ಸೆರಗಿನ ಬಣ್ಣ. ಮುತ್ತೈದೇರು ಅದನ್ನ ಸಂಡಾಸಕ್ಕ ಹೆಂಗ ಒಯ್ಯಬೇಕ್ರಿ? ನಾನ ಎಲ್ಲಾರಿಗೂ ಹೇಳಿ ಅದಲಿಬದಲಿ ಮಾಡಿಸೇನಿ.”

ರೋಗದ ಮಾತು ಹೇಳಿದೆ, ಸೋಂಕಿನ ಮಾತು ಹೇಳಿದೆ, ನನ್ನ ಗಂಟಲಾ ಬಿತ್ತು. ಕಾಕಿ ಮಿಸುಕಲಿಲ್ಲ. ಕಡೀಕ ನಾನ ಸೋತು, ಸಂಡಾಸಕ್ಕಂತ ಕಂದು ಬಣ್ಣದ ಅರಿಬಿ ತರಿಸಿದೆ. ಕಾಕಿ ಅದನ್ನ ಹಿಡದು ನೋಡಿ ಭಾಳ ಖುಷಿ ಪಟ್ಳು.

“ಹಾಂ, ಸಂಡಾಸಕ್ಕ ಇದ ಸರಿ ನೋಡ್ರಿ. ನಿಮ್ಮ ಸೂಪರ್‌ವೈಸರ್ ಕೋಟಿಂದೂ ಇದ ಬಣ್ಣ ಅಲ್ಲೇನು?”

ಘಮಘಮ ಮಾಪು

ಅದಾದ ಮ್ಯಾಲ ಬಾದಾಮಿ ಲಾಜಿನ ಮ್ಯಾನೇಜರ್ ಫೋನು. ಪ್ರವಾಸಿಗರು ತುಂಬಿದ ದಿನ, ಮನಷ್ಯಾ ಒದರಾಕತ್ತಿದ್ದ.

“ಏನ್ ಮಾಪ್ ಕಳಿಸೀರಿ? ನೀರು ಹೀರೂದ ಇಲ್ಲ! ಬಾಗಲದಾಗ ಚೆಲ್ಲಿದ್ದ ನೀರು ತಳ್ಳಿ ತಳ್ಳಿ ಈಗ ಊಟದ ಹಾಲಿಗೆ ಬಂದೈತಿ. ಮಂದಿ ಕಾಲು ಎತ್ತಿ ಕುಂತು ಇಡ್ಲಿ ತಿನ್ನಾಕತ್ತಾರ!”

ಮಾಮಾನ ಹಿಡದೆ. “ಮಾಮಾ, ಮಾಪಿಗೆ ಏನ್ ಹಾಕಿದ್ರಿ?”

“ಏನಿಲ್ಲರಿ, ಸೀರಿ ಮೆತ್ತಗಾಗಾಕ ಹಾಕ್ತಾರಲ್ಲ, ಆ ವಾಸನಿ ನೀರು. ದಿನಾ ಹೊಲಸ ತುಳೀತಾವು ಪಾಪ, ಒಂದಿನ ಅವೂ ಘಮಘಮ ಅನ್ಲಿ ಅಂತ.”

ಅದನ್ನ ಹಾಕಿದ್ರ ಎಳಿಗೆ ಜಿಡ್ಡು ಕುಂತು ನೀರು ಹಿಡಿಯೂದಿಲ್ಲ ಅಂತ ನಾ ಎಷ್ಟು ಸಲ ಹೇಳೇನೋ ದೇವರಿಗೇ ಗೊತ್ತು. ಎಲ್ಲಾ ಮಾಪು ತರಿಸಿ ಬಿಸಿನೀರಾಗ ಹೊಳ್ಳಿ ಒಗಿಸಿದೆ. ನಾ ಅಷ್ಟು ಒದರಿದ್ರೂ ಮಾಮಾ ತಣ್ಣಗ ಕೇಳಿದ:

“ಅದಿರ್ಲಿ ಬಿಡ್ರಿ. ವಾಸನಿ ಹೆಂಗೈತಿ ಅಂದ್ರು?”

ಕಿಸೆದಾಗಿನ ಭಂಡಾರ

ಯೂನಿಫಾರ್ಮು ಒಗಿಯೂ ಮೊದಲ ಕಿಸೆ ನೋಡಬೇಕು. ಪೆನ್ನು, ತಂಬಾಕು, ಎಲಿ ಅಡಕಿ ಎಲ್ಲಾ ಇರ್ತಾವು. ಇದು ಮಾಮಾನ ಕೆಲಸ. ಭಾಳ ಶ್ರದ್ಧೆಯಿಂದ ಮಾಡ್ತಾನ, ಅದರಾಗ ಎರಡ ಮಾತಿಲ್ಲ.

ಒಂದಿನ ದವಾಖಾನಿ ಸ್ವಚ್ಛ ಮಾಡೂ ನಮ್ಮ ಹೆಣ್ಮಕ್ಕಳ ಬಿಳಿ ಕೋಟು ಮಷೀನಿನ್ಯಾಗ ತಿರಗಾಕತ್ತಿದ್ದು. ಗಾಜಿನ್ಯಾಗ ಹಣಿಕಿ ಹಾಕಿದ್ರ ಒಳಗ ಕೆಂಪಗ ಓಕಳಿ! ನಿಂದರಿಸಿ ತಗದು ಜಾಲಿಸಿದ್ರ ಕೆಂಪು ಹೋಗಿ ಎಲ್ಲಾ ಕೋಟು ಹಳದಿ. ಯಾರದೋ ಕಿಸೆದಾಗ ದೇವರ ಭಂಡಾರದ ಪೊಟ್ಟಣ ಇತ್ತು. ಅರಿಷಿಣಪುಡಿ ಸೋಡಾ ನೀರಿಗೆ ಕೂಡಿದ್ರ ಕೆಂಪಾಗೂದ.

“ಮಾಮಾ, ಕಿಸೆ ನೋಡಿದ್ದಿಲ್ಲೇನು?”

“ನೋಡೀನ್ರಿ.”

“ಪೊಟ್ಟಣ ಕಾಣಿಸಲಿಲ್ಲೇನು?”

“ಕಾಣಿಸ್ತರಿ. ಆದ್ರ ಅವತ್ತ ನಂದು ಜಳಕಾ ಆಗಿದ್ದಿಲ್ಲ. ದೇವರ ಭಂಡಾರ ಹಂಗ ಹೆಂಗ ಮುಟ್ಲಿ? ಅದಕ್ಕ ಇದ್ದಲ್ಲೇ ಬಿಟ್ಟೆ.”

ಬ್ಯಾರೆ ಕೋಟು ಇದ್ದಿಲ್ಲ. ಹೆಣ್ಮಕ್ಕಳು ಅವನ್ನ ಹಾಕ್ಕೊಂಡು ವಾರ್ಡಿಗೆ ಹೋದ್ರು. ಕಾಲು ಮುರಕೊಂಡು ಮಲಗಿದ್ದ ಹುನಗುಂದದ ಅಜ್ಜಿ ಅಷ್ಟೂ ಹಳದಿ ಮಂದಿನ್ನ ನೋಡಿ ಎದ್ದು ಕುಂತು, “ಮದವಿ ಯಾರದವಾ? ನಮಗ್ಯಾರೂ ಹೇಳಲೇ ಇಲ್ಲ” ಅಂದ್ಳಂತ.

ದೊಡ್ಡ ಸಿಸ್ಟರ್ ಬಂದದ್ದು

ವಾರ್ಡಿನ ಮಂದಿ ನಕ್ಕಿರಬೇಕು, ದೊಡ್ಡ ಸಿಸ್ಟರ್ ನಗಲಿಲ್ಲ. “ಸಾಕಾತು. ನಾಳೆ ನಾನ ಬರ್ತೇನಿ. ಹೊಲಸ ಅರಿಬಿ ಬಂದಲ್ಲಿಂದ ಒಗದು ಒಣಗೂತನಾ ಕಣ್ಣಾರೆ ನೋಡ್ತೇನಿ. ಸರಿ ಕಂಡ್ರ ಮುಂದೂ ನೀವ. ಇಲ್ಲಂದ್ರ ಬ್ಯಾರೇದವರು,” ಅಂದ್ರು.

ನಾ ಮಾಮಾಗ, ಕಾಕಿಗೆ ಕೈ ಮುಗದು ಹೇಳಿದೆ: “ನಮ್ಮ ಮೂರೂ ಮಂದಿ ಅನ್ನದ ಪ್ರಶ್ನೆ ಐತಿ. ದಯಮಾಡಿ ಏನೂ ಕಿತಬಿ ಮಾಡಬ್ಯಾಡ್ರಿ.” ಕಾಕಿ ಕಣ್ಣಾಗ ನೀರು ಬಂತು. “ಚಿಂತಿ ಬಿಡ್ರಿ ಅಕ್ಕಾರ, ನಾವ್ ಅದೇವಿ,” ಅಂದ್ಳು. ಅಲ್ಲೇ ನನಗ ಅಂಜಿಕಿ ಬರಬೇಕಿತ್ತು.

ಮರುದಿನ ಕೋಲಿ ಲಕಾಲಕಾ ಅಂತಿತ್ತು. ಸಿಸ್ಟರ್ ಬಂದ್ರು. ಕಾಕಿ ಚಹಾ ಕೊಟ್ಳು. ಸಿಸ್ಟರ್ ಕಪ್ಪು ಹಿಡದು, “ಹೊಲಸ ಮಾಪು ತರ್ರಿ, ಸುರು ಮಾಡೂನು,” ಅಂದ್ರು.

ಮಾಮಾ ಎದಿ ಉಬ್ಬಿಸಿ ಹೇಳಿದ: “ಒಂದೂ ಇಲ್ಲರಿ!”

ಇಬ್ಬರೂ ಕೂಡಿ ಕೋಲಿಯಾಗಿದ್ದದ್ದನ್ನೆಲ್ಲಾ ಒಗದು, ಒಣಗಿಸಿ, ಮಡಚಿ ಇಟ್ಟಿದ್ರು. ಒಗ್ಯಾಕಂತ ಒಂದು ಹೊಲಸ ಚಿಂದಿ ಸೈತ ಇದ್ದಿಲ್ಲ.

“ಹೊಲಸ ಅರಿಬಿನ ಇಲ್ಲಂದ್ರ ನಾ ಒಗ್ಯಾಣ ಹೆಂಗ ನೋಡ್ಲಿ? ಏನರ ಮುಚ್ಚಿಡಾಕತ್ತೀರೇನು?” ಸಿಸ್ಟರ್ ಮಾರಿ ಗಂಟು ಹಾಕ್ಕೊಂಡ್ರು.

ಕಾಕಿನ್ನ ಮೂಲಿಗೆ ಎಳದೆ. ಆಕಿಗೆ ನನ್ನ ಸಿಟ್ಟ ತಿಳೀಲೇ ಇಲ್ಲ. “ಬೀಗರು ಬರೂಮುಂದ ಯಾರರ ಹೊಲಸ ಅರಿಬಿ ಎದುರಿಗಿಡತಾರೇನ್ರಿ?” ಅಂದ್ಳು.

ಖರೆ ಹೇಳ್ತೇನಿ, ನನಗ ಅಳು ಬಂತು. ಮುಗೀತು ನಮ್ಮ ಕಥಿ ಅಂತ ಕುರ್ಚಿ ಮ್ಯಾಲ ಕುಸದು ಕುಂತೆ. ಸಿಸ್ಟರಿಗೆ ಏನ್ ಹೇಳೂದಂತ ತಲಿ ಎತ್ತಿ ನೋಡಿದ್ರ ಮಾಮಾನೂ ಇಲ್ಲ, ಕಾಕಿನೂ ಇಲ್ಲ. ಹಿತ್ತಲದಾಗ ಧಪಧಪ ಸಪ್ಪಳ. ಸಿಸ್ಟರ್ ಕಿಟಕಿಗೆ ಹೋದ್ರು, ನಾನೂ ಹೋದೆ.

ಮಾಮಾ ಹಾಲಿನಂಥ ಬಿಳಿ ಮಾಪು ಹಿಡಕೊಂಡು ಮಣ್ಣಾಗ ದರದರ ಎಳದಾಡಾಕತ್ತಾನ. ಕಾಕಿ ಸೀರಿ ಎತ್ತಿ ಕಟಗೊಂಡು ಇನ್ನೊಂದರ ಮ್ಯಾಲ ಕುಣದು ತುಳ್ಯಾಕತ್ತಾಳ. “ಆ ಮೂಲಿ ಇನ್ನಾ ಬೆಳ್ಳಗೈತಿ, ತಿಕ್ಕು, ಜಲ್ದಿ!” ಅಂತ ಮಾಮಾಗ ಹುಕುಂ ಬ್ಯಾರೆ.

ಸಿಸ್ಟರ್ ಸೀದಾ ಹಿತ್ತಲಕ್ಕ ನಡದ್ರು. “ಏನ್ ನಡಿಸೀರಿ?”

“ನಿಮಗ ತೋರಸಾಕ ತಯಾರಿ ಮಾಡಾಕತ್ತೇವ್ರಿ ಸಿಸ್ಟರ್,” ಅಂದ್ಳು ಕಾಕಿ. “ತುಸು ಒಳಗ ಕುಂದರ್ರಿ, ಆತು.”

ನಾ ಕಣ್ಣ ಮುಚ್ಚಿದೆ. ಕಣ್ಣ ತಗದು ನೋಡಿದ್ರ ಸಿಸ್ಟರ್ ಹೆಗಲು ಕುಣ್ಯಾಕತ್ತಾವು. ಅವರು ನಗೂದು ನಾ ಅವತ್ತ ಮೊದಲ ನೋಡಿದ್ದು. “ಒಣಾ ಮಣ್ಣಿಲೆ ಏನಾಗ್ತೈತಿ? ವಾರ್ಡಿನ್ಯಾಗ ಚಹಾದ ಕಲಿನ ಭಾಳ,” ಅಂತ ತಮ್ಮ ಕಪ್ಪಿನ್ಯಾಗ ಉಳದಿದ್ದ ಚಹಾ ಆ ಮಾಪಿನ ಮ್ಯಾಲ ಸುರದ್ರು. “ಈಗ ಒಗದು ತೋರಸ್ರಿ.”

ಒಗದ್ವಿ. ಬಿಸಿಲಿಗೆ ಹಿಡದು, ಮೂಸಿ, ಹಿಂಡಿ ನೋಡಿದ್ರು. ಕಲಿ ಇದ್ದಿಲ್ಲ. “ಕೆಲಸ ನಿಮ್ಮದ,” ಅಂದ್ರು. ನನಗ ಅವರ ಕಾಲು ಹಿಡಿಯೂದೊಂದು ಬಾಕಿ.

ಸಿಸ್ಟರ್ ಗಾಡಿ ಹತ್ತೂಮುಂದ ಕಾಕಿ ಓಡಿ ಹೋಗಿ ಕಿಟಕಿಗೆ ಬಗ್ಗಿದ್ಳು.

“ಮುಂದಿನ ಸಲ ಬರೂಮುಂದ ಒಂದಿನ ಮೊದಲ ಹೇಳ್ರಿ ಸಿಸ್ಟರ್. ಚಂದಂಗ ಹೊಲಸ ಮಾಡಿ ಇಟ್ಟಿರ್ತೇವಿ!”